ಜೊತೆಯಾಳುಗಳನ್ನು ಹೊಡೆಯುವುದು ಇನ್ನು ಸಾಕು



ಥೆಸಲೋನಿಕದ ವಿಶ್ವಾಸಿಗಳ ಮನೆಗಳಲ್ಲಿ ಸಾವಾಗಿತ್ತು. ವಿಗ್ರಹಗಳನ್ನು ಬಿಟ್ಟು ಬಂದಿದ್ದ, ಅದಕ್ಕಾಗಿ ಊರವರಿಂದ ಹಿಂಸೆಯನ್ನೂ ಅನುಭವಿಸಿದ್ದ ಆ ಜನ ತಮ್ಮವರನ್ನು ಮಣ್ಣು ಮಾಡಿ ಬಂದು ಕಂಗಾಲಾಗಿ ಕುಳಿತಿದ್ದರು. ಯೇಸು ಬರುವುದರೊಳಗೇ ಕಣ್ಣು ಮುಚ್ಚಿದವರ ಗತಿ ಏನು? ಆ ದಿನದ ಸಂತೋಷದಲ್ಲಿ ಅವರಿಗೆ ಪಾಲಿಲ್ಲವೇ? ಈ ಅಳಲಿಗೆ ಉತ್ತರವಾಗಿ ಪೌಲನು ಕ್ರಿ.ಶ. 50ರ ಆಸುಪಾಸಿನಲ್ಲಿ ಕೊರಿಂಥದಿಂದ ಒಂದು ಪತ್ರ ಬರೆದನು. ಕರ್ತನು ಇಳಿದುಬರುವಾಗ ಸತ್ತವರೇ ಮೊದಲು ಏಳುವರು, ಬದುಕಿ ಉಳಿದವರು ಅವರ ಸಂಗಡ ಮೇಘಗಳಲ್ಲಿ ಎತ್ತಲ್ಪಡುವರು, ಆಮೇಲೆ ಅಗಲಿಕೆ ಎಂಬುದೇ ಇಲ್ಲ ಎಂದು ತಿಳಿಸಿದನು. ಈ ಮಾತನ್ನು ಹೇಳಿಕೊಂಡು ಒಬ್ಬರನ್ನೊಬ್ಬರು ಸಂತೈಸಬೇಕೆಂದು ಅಪ್ಪಣೆಯನ್ನೂ ಕೊಟ್ಟನು.

ನಾವು ಎತ್ತಲ್ಪಡುವಿಕೆ ಎಂದೂ ರಹಸ್ಯ ಬರೋಣ ಎಂದೂ ಕರೆಯುವ ಉಪದೇಶದ ಬೇರು ಆ ಸಾವಿನ ಮನೆಗಳಲ್ಲಿದೆ. ಅಳುವವರ ಕಣ್ಣೊರೆಸಲೆಂದು ಅದನ್ನು ನಮ್ಮ ಕೈಗೆ ಕೊಡಲಾಯಿತು. ಅದರಿಂದ ನಾವು ಈಗ ಮಾಡುತ್ತಿರುವುದೇನು? ಆ ಎತ್ತಲ್ಪಡುವಿಕೆ ಕಡೇ ಕಾಲದ ಮಹಾಸಂಕಟಕ್ಕೆ ಮುಂಚೆಯೋ, ನಡುವೆಯೋ, ಆಮೇಲೆಯೋ ಎಂಬ ಒಂದು ಪ್ರಶ್ನೆ ಹಿಡಿದು ಸಭೆಗಳನ್ನು ಒಡೆದಿದ್ದೇವೆ. ನಮ್ಮ ಉತ್ತರಕ್ಕಿಂತ ಬೇರೆ ಉತ್ತರ ಹೇಳಿದ ದೇವರ ಸೇವಕನಿಗೆ ಸುಳ್ಳು ಬೋಧಕನೆಂದು ಹೆಸರಿಟ್ಟಿದ್ದೇವೆ. ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸಿದವರು ದಾನಿಯೇಲನ ವಾರಗಳ ಲೆಕ್ಕದಲ್ಲಿ ಬೇರೆಯಾಗಿ, ಬೀದಿಯಲ್ಲಿ ಎದುರಾದರೂ ಸ್ತೋತ್ರ ಹೇಳದೆ ಹೋಗುತ್ತಾರೆ. ಯುವಕರು ಮೊಬೈಲ್ ಹಿಡಿದು ಇನ್ನೊಂದು ಸಭೆಯ ಪಾಸ್ಟರನ್ನು ಕಾಮೆಂಟುಗಳಲ್ಲಿ ಹೀನಾಯವಾಗಿ ಬಯ್ಯುತ್ತಾರೆ. ಶಾಲೆಯಿಂದ ಬಂದ ಮಗು ಮನೆಯಲ್ಲಿ ಅಮ್ಮನನ್ನು ಕಾಣದೆ, ಎಲ್ಲರೂ ಮೇಲೆ ಹೋಗಿ ತಾನೊಂದೇ ಉಳಿದೆನೆಂದು ಬೆವರುತ್ತದೆ. ಇದು ಪೌಲನ ಪತ್ರದ ಫಲವೇ? ನಿಮ್ಮ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಿ.

ನಾವು ಕಾಲ ಲೆಕ್ಕಹಾಕಲು ಮತ್ತೆ ಮತ್ತೆ ತೆರೆಯುವುದು ಮತ್ತಾಯನ 24ನೆಯ ಅಧ್ಯಾಯವನ್ನು. ಆ ದಿನವನ್ನೂ ಗಳಿಗೆಯನ್ನೂ ತಂದೆಯೊಬ್ಬನ ಹೊರತು ಯಾರೂ ತಿಳಿದವರಿಲ್ಲವೆಂದು ಯೇಸು ಅಲ್ಲಿಯೇ ಹೇಳಿದನು. ಮುಂದೆ ಅದೇ ಅಧ್ಯಾಯದಲ್ಲಿ ಒಂದು ಸಾಮ್ಯ ಹೇಳಿದನು. ಯಜಮಾನ ತನ್ನ ಮನೆಯವರಿಗೆ ಹೊತ್ತುಹೊತ್ತಿಗೆ ಊಟ ಬಡಿಸುವ ಹೊಣೆಯನ್ನು ಒಬ್ಬ ಆಳಿಗೆ ಒಪ್ಪಿಸಿ ಹೋಗಿದ್ದಾನೆ. ನಂಬಿಗಸ್ತ ಆಳು ಬಡಿಸುತ್ತಾ ಇರುತ್ತಾನೆ. ಕೆಟ್ಟ ಆಳು, ಯಜಮಾನ ತಡಮಾಡುತ್ತಾನೆ ಅಂದುಕೊಂಡು ಜೊತೆಯಾಳುಗಳನ್ನು ಹೊಡೆಯಲು ತೊಡಗುತ್ತಾನೆ. ಯಜಮಾನ ಬಂದಾಗ ಅವನಿಗೆ ಶಿಕ್ಷೆಯಾಗುವುದು ಈ ಹೊಡೆತಕ್ಕಾಗಿ, ಹಸಿದವರಿಗೆ ಬಡಿಸದೆ ಕುಡುಕರ ಸಂಗಡ ಕುಡಿದುಕೊಂಡಿದ್ದಕ್ಕಾಗಿ. ಯಜಮಾನ ಯಾವ ಜಾವದಲ್ಲಿ ಬರುವನೆಂದು ತಪ್ಪಾಗಿ ಊಹಿಸಿದ್ದಕ್ಕೆ ಶಿಕ್ಷೆಯಾದ ಒಬ್ಬನೂ ಯೇಸುವಿನ ಸಾಮ್ಯಗಳಲ್ಲಿಲ್ಲ. ಬರೋಣದ ಅಧ್ಯಾಯವನ್ನೇ ಕೋಲು ಮಾಡಿಕೊಂಡು ಜೊತೆಯಾಳನ್ನು ಹೊಡೆಯುವ ನಾವು, ಆ ಅಧ್ಯಾಯದ ಕೊನೆಯ ವಚನಗಳನ್ನು ಓದಿ ನಡುಗಬೇಕು.

ಕಾಲದ ಪ್ರಶ್ನೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ದೇವರು ಬರೆಯಿಸಿದ್ದನ್ನು ಓದಬೇಕು, ತೂಗಬೇಕು, ವಾದಿಸಬೇಕು. ಆದರೆ ಎದುರಾಳಿಯ ಮಾತನ್ನು ಅವನೇ ಮೆಚ್ಚುವಷ್ಟು ಪ್ರಾಮಾಣಿಕವಾಗಿ ಹೇಳಲು ಬಾರದವನಿಗೆ ಅದನ್ನು ಖಂಡಿಸುವ ಹಕ್ಕಿಲ್ಲ. ಆದ್ದರಿಂದ ಒಂದೊಂದು ಪಕ್ಷವನ್ನೂ ಅದರ ಹೃದಯ ತಿಳಿದು ನೋಡೋಣ.

ಮಹಾಸಂಕಟಕ್ಕೆ ಮುಂಚೆಯೇ ಸಭೆ ಎತ್ತಲ್ಪಡುವುದೆಂದು ನಂಬುವವರು ನಮ್ಮ ಪೆಂಟೆಕೋಸ್ತ್ ಮತ್ತು ಬ್ರದರನ್ ಸಭೆಗಳಲ್ಲಿ ಬಹಳ. ದೇವರು ತನ್ನವರನ್ನು ಕೋಪಕ್ಕೆ ಗುರಿಮಾಡಲಿಲ್ಲವೆಂದು ಪೌಲನು ಥೆಸಲೋನಿಕದವರಿಗೆ ಬರೆದ ಮಾತು ಅವರ ಆಧಾರ. ಲೋಕದ ಮೇಲೆ ಬರಲಿರುವ ಶೋಧನೆಯ ಗಳಿಗೆಯಿಂದ ಕಾಪಾಡುವೆನೆಂದು ಫಿಲದೆಲ್ಫಿಯದ ಸಭೆಗೆ ಕೊಟ್ಟ ವಾಗ್ದಾನ ಅವರ ಆಸರೆ. ಪ್ರಕಟನೆಯ ಮೊದಲ 3 ಅಧ್ಯಾಯಗಳಲ್ಲಿ ತುಂಬಿಕೊಂಡಿರುವ ಸಭೆಯ ಹೆಸರು 4ರಿಂದ 18ರವರೆಗೆ, ಸಂಕಟಗಳ ವರ್ಣನೆಯುದ್ದಕ್ಕೂ ಏಕೆ ಕಾಣುವುದಿಲ್ಲವೆಂದು ಅವರು ಕೇಳುತ್ತಾರೆ. ಅದು ಸಣ್ಣ ಪ್ರಶ್ನೆಯಲ್ಲ. ಈ ನಂಬಿಕೆಯಿಂದ ಎಷ್ಟೋ ಬಡ ವಿಶ್ವಾಸಿಗಳು ಈ ರಾತ್ರಿಯೇ ಕರ್ತನು ಬಂದಾನು ಎಂದು ಸಾಲ ತೀರಿಸಿ, ಜಗಳ ಮುಗಿಸಿ, ಶುದ್ಧ ಮನಸ್ಸಿನಿಂದ ಮಲಗಿದ್ದಾರೆ. ಅದನ್ನು ಹಗುರವಾಗಿ ಕಾಣಬೇಡಿ.

ಸಂಕಟದ ನಡುವೆ ಎನ್ನುವವರು ಮೂರೂವರೆ ವರ್ಷಗಳ ಗಡುವನ್ನೂ, ಪ್ರಕಟನೆಯ 11ರಲ್ಲಿ ಇಬ್ಬರು ಸಾಕ್ಷಿಗಳು ಮೇಲಕ್ಕೆ ಏರಿಹೋಗುವುದನ್ನೂ, ಅಲ್ಲಿ ಮೊಳಗುವ ಏಳನೆಯ ತುತೂರಿಯನ್ನೂ ತೋರಿಸುತ್ತಾರೆ. ಪೌಲನು ಕೊರಿಂಥದವರಿಗೆ ಹೇಳಿದ ಕಡೇ ತುತೂರಿ ಅದೇ ಎನ್ನುತ್ತಾರೆ. ಇನ್ನು ಕೆಲವರು ಮನುಷ್ಯರಿಂದಲೂ ಸೈತಾನನಿಂದಲೂ ಬರುವ ಹಿಂಸೆ ಬೇರೆ, ದೇವರ ಕೋಪ ಬೇರೆ ಎಂದು ವಿಂಗಡಿಸಿ, ಸಭೆ ಮೊದಲನೆಯದನ್ನು ದಾಟಿ ಎರಡನೆಯದಕ್ಕೆ ಮುಂಚೆ ಎತ್ತಲ್ಪಡುವುದೆಂದು ಹೇಳುತ್ತಾರೆ. ಮಾರ್ವಿನ್ ರೋಸೆಂಥಾಲ್ 1990ರಲ್ಲಿ ಪುಸ್ತಕ ಬರೆದು ಈ ವಾದವನ್ನು ಹರಡಿದರು.

ಮಹಾಸಂಕಟದ ಬಳಿಕವೇ ಎನ್ನುವವರು ಯೇಸುವಿನ ಬಾಯಿಂದಲೇ ಆಧಾರ ತರುತ್ತಾರೆ. ಆ ದಿನಗಳ ಸಂಕಟ ಮುಗಿದ ಮೇಲೆ ಸೂರ್ಯನು ಕಪ್ಪಾಗುವನು, ಮನುಷ್ಯಕುಮಾರನು ಮೇಘಗಳ ಮೇಲೆ ಬರುವನು, ದೂತರು ಆರಿಸಿಕೊಂಡವರನ್ನು ಕೂಡಿಸುವರು ಎಂಬ ಕ್ರಮ ಮತ್ತಾಯನಲ್ಲಿದೆ. ಅಧರ್ಮಸ್ವರೂಪನು ಕಾಣಿಸಿಕೊಳ್ಳುವ ತನಕ ಆ ದಿನ ಬಾರದೆಂದು ಪೌಲನು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿ ಬರೆದಿದ್ದಾನೆ. ತನ್ನವರನ್ನು ಲೋಕದಿಂದ ತೆಗೆದುಬಿಡಬೇಕೆಂದು ಕೇಳದೆ, ಕೆಡುಕನಿಂದ ಕಾಯಬೇಕೆಂದು ಯೇಸು ತಂದೆಯಲ್ಲಿ ಬೇಡಿಕೊಂಡದ್ದನ್ನೂ ಅವರು ನೆನಪಿಸುತ್ತಾರೆ. ಹಿಂಸೆಯಲ್ಲಿರುವ ಸಭೆಗಳಿಗೆ ಈ ಮಾತು ಬೆನ್ನೆಲುಬಾಗಿದೆ.

ಕೆಥೋಲಿಕ ಸಭೆಯಲ್ಲೂ, ಲೂಥರನ್ ಮತ್ತು ಸಿ.ಎಸ್.ಐ. ಸಭೆಗಳ ಬಹುಪಾಲು ಬೋಧನೆಯಲ್ಲೂ ಎರಡು ಹಂತಗಳ ಬರೋಣವೇ ಇಲ್ಲ. ಕ್ರಿಸ್ತನು ಒಮ್ಮೆ ಮಹಿಮೆಯಿಂದ ಬರುವನು, ಸತ್ತವರೆಲ್ಲರೂ ಏಳುವರು, ನ್ಯಾಯತೀರ್ಪಾಗುವುದು, ಅಷ್ಟೇ. ಪ್ರಕಟನೆಯಲ್ಲಿ ಬರುವ ಸಾವಿರ ವರ್ಷವೆಂಬುದು ಈಗ ನಡೆಯುತ್ತಿರುವ ಕ್ರಿಸ್ತನ ಆಳ್ವಿಕೆಯ ಸಂಕೇತವೆಂದು ಅವರು ಓದುತ್ತಾರೆ. ಸಂತ ಅಗಸ್ಟೀನರು ಮೊದಲು ಸಾವಿರ ವರ್ಷದ ಭೌತಿಕ ಆಳ್ವಿಕೆಯನ್ನು ನಂಬಿದ್ದವರು, ಆಮೇಲೆ ಈ ಓದಿಗೆ ತಿರುಗಿದರು.

ಈ ಎಲ್ಲರ ಕೈಯಲ್ಲಿರುವುದು ಒಂದೇ ಬೈಬಲ್. ಎಲ್ಲರ ಕಣ್ಣೂ ಒಬ್ಬನ ಮೇಲೆಯೇ ನೆಟ್ಟಿದೆ. 325ರಲ್ಲಿ ನಿಕೇಯದಲ್ಲಿ ಸೇರಿದ ಪಿತೃಗಳು ವಿಶ್ವಾಸ ಪ್ರಮಾಣ ಬರೆದಾಗ, ಕ್ರಿಸ್ತನು ಜೀವಂತರಿಗೂ ಸತ್ತವರಿಗೂ ತೀರ್ಪು ಮಾಡಲು ಬರುವನೆಂದು ಸ್ಪಷ್ಟವಾಗಿ ಸಾರಿದರು. ಸಂಕಟಕ್ಕೆ ಮುಂಚೆಯೋ ಆಮೇಲೋ ಎಂಬುದನ್ನು ಅದರಲ್ಲಿ ಸೇರಿಸಲಿಲ್ಲ. ಆ ಸಭೆಗೆ ಬಂದವರಲ್ಲಿ ಕ್ರಿಸ್ತನಿಗಾಗಿ ಕಣ್ಣು ಕಳೆದುಕೊಂಡವರೂ ಅಂಗ ಊನವಾದವರೂ ಇದ್ದರು. ಅವರಿಗೆ ಸಾಕಾದ ಐಕ್ಯದ ನೆಲೆ ನಮಗೆ ಏಕೆ ಸಾಲದು?

ಇನ್ನೂ ಹಿಂದಕ್ಕೆ ಹೋಗಿ. ಎರಡನೆಯ ಶತಮಾನದ ರಕ್ತಸಾಕ್ಷಿ ಜಸ್ಟಿನ್, ಯೆರೂಸಲೇಮಿನಲ್ಲಿ ಸಾವಿರ ವರ್ಷದ ಆಳ್ವಿಕೆ ನಡೆಯುವುದೆಂದು ಗಟ್ಟಿಯಾಗಿ ನಂಬಿದ್ದವನು. ಆದರೂ ಟ್ರೈಫೋ ಎಂಬ ಯೆಹೂದ್ಯನ ಸಂಗಡ ನಡೆದ ಸಂವಾದದಲ್ಲಿ, ಶುದ್ಧ ನಂಬಿಕೆಯ ನಿಜ ಕ್ರೈಸ್ತರಲ್ಲೇ ಅನೇಕರು ತನ್ನಂತೆ ಯೋಚಿಸುವುದಿಲ್ಲವೆಂದು ಒಪ್ಪಿಕೊಂಡನು. ತನ್ನ ನಂಬಿಕೆಯನ್ನು ಅವನು ಬಿಡಲಿಲ್ಲ, ಅವರ ಕ್ರೈಸ್ತತ್ವವನ್ನು ಕಸಿದುಕೊಳ್ಳಲೂ ಇಲ್ಲ. ತಲೆ ಕೊಟ್ಟು ಸಾಕ್ಷಿ ಹೇಳಿದವನಿಗೆ ಇದ್ದ ಈ ಔದಾರ್ಯ, ಫ್ಯಾನಿನ ಕೆಳಗೆ ಕುಳಿತು ವಾದಿಸುವ ನಮಗೆ ಇರಬೇಡವೇ?

ಆ ಔದಾರ್ಯ ಕೈತಪ್ಪಿದ ಕಥೆಯೂ ಒಂದಿದೆ. ಸಂಕಟಕ್ಕೆ ಮುಂಚಿನ ಎತ್ತಲ್ಪಡುವಿಕೆಯನ್ನು ಒಂದು ಪೂರ್ಣ ವ್ಯವಸ್ಥೆಯಾಗಿ ಕಟ್ಟಿ ಸಾರಿದವರು ಜಾನ್ ನೆಲ್ಸನ್ ಡಾರ್ಬಿ. 1830ರ ದಶಕದ ಆರಂಭದಲ್ಲಿ ಐರ್ಲೆಂಡಿನ ಪವರ್ಸ್‌ಕೋರ್ಟಿನಲ್ಲಿ ಅವರೂ ಇದ್ದ ಪ್ರವಾದನೆಯ ಕೂಟಗಳು ನಡೆದವು. ಡಾರ್ಬಿ ಇದ್ದ ಬ್ರದರನ್ ಚಳವಳಿ ಹುಟ್ಟಿದ್ದೇ ಬೇರೆ ಬೇರೆ ಸಭೆಗಳ ವಿಶ್ವಾಸಿಗಳು ಒಂದೇ ಮೇಜಿನಲ್ಲಿ ರೊಟ್ಟಿ ಮುರಿಯಬೇಕೆಂಬ ಆಸೆಯಿಂದ. ಆದರೆ ಪ್ಲಿಮತ್ತಿನಲ್ಲಿ ಬೆಂಜಮಿನ್ ವಿಲ್ಸ್ ನ್ಯೂಟನ್, ಸಭೆ ಮಹಾಸಂಕಟವನ್ನು ದಾಟಿಯೇ ಹೋಗುವುದೆಂದು ಬೋಧಿಸಿದರು. ಪ್ರವಾದನೆಯ ಭೇದಕ್ಕೆ ಸಭೆಯ ಆಡಳಿತದ ಭೇದ ಸೇರಿತು, ಆಮೇಲೆ ಕ್ರಿಸ್ತನ ಮನುಷ್ಯತ್ವದ ಕುರಿತ ಬೋಧನೆಯ ಆರೋಪವೂ ಸೇರಿತು. 1845ರಲ್ಲಿ ಶುರುವಾದ ಜಗಳ 1848ರ ಹೊತ್ತಿಗೆ ಇಡೀ ಚಳವಳಿಯನ್ನು ಸೀಳಿತು. ಒಂದೇ ಮೇಜಿಗೆಂದು ಹುಟ್ಟಿದವರು ಮೇಜುಗಳನ್ನು ಬೇರೆ ಮಾಡಿಕೊಂಡರು.

ಇದು ಹೀಗಾಗುವುದೆಂದು ಮೊದಲೇ ಕಂಡವರೊಬ್ಬರಿದ್ದರು. ಅವರು ಭಾರತದ ಸೇವೆಗೆ ಬದುಕು ಕೊಟ್ಟ ಆಂಥನಿ ನಾರಿಸ್ ಗ್ರೋವ್ಸ್, ಎಕ್ಸೆಟರಿನ ದಂತವೈದ್ಯರು, ಬಾಗ್ದಾದಿನಲ್ಲಿ ಪ್ಲೇಗಿಗೆ ಹೆಂಡತಿಯನ್ನು ಕಳೆದುಕೊಂಡವರು. 1836ರಲ್ಲಿ, ಭಾರತಕ್ಕೆ ಮತ್ತೆ ಹೊರಡುವ ಮುನ್ನ, ಅವರು ಡಾರ್ಬಿಯವರಿಗೆ ಪತ್ರ ಬರೆದರು. ಕ್ರಿಸ್ತನ ಜೀವದಲ್ಲಿ ಇದ್ದ ನಮ್ಮ ಐಕ್ಯ ಅಭಿಪ್ರಾಯಗಳ ಐಕ್ಯವಾಗಿ ಕುಗ್ಗುತ್ತಿದೆ, ಯಾವುದರ ಪರ ನಿಂತೆವು ಎಂಬುದಕ್ಕಿಂತ ಯಾವುದರ ವಿರುದ್ಧ ನಿಂತೆವು ಎಂಬುದರಿಂದಲೇ ನಮ್ಮನ್ನು ಗುರುತಿಸುವ ದಿನ ಬರುತ್ತದೆ ಎಂಬುದು ಆ ಪತ್ರದ ಎಚ್ಚರಿಕೆ. ಆ ಎಚ್ಚರಿಕೆ ಆಗಿನವರಿಗೆ ತಟ್ಟಲಿಲ್ಲ. ಡಾರ್ಬಿಯವರ ಬೋಧನೆ 1909ರ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳ ಮೂಲಕ ಲೋಕವೆಲ್ಲ ಹರಡಿ, ಬೈಬಲ್ ಶಾಲೆಗಳ ದಾರಿಯಿಂದ ನಮ್ಮಲ್ಲಿಗೂ ಬಂತು. ಬೋಧನೆಯ ಜೊತೆಗೆ ಜಗಳವೂ ಬಂತು. ಗ್ರೋವ್ಸರ ಎಚ್ಚರಿಕೆ ಮಾತ್ರ ಬರಲಿಲ್ಲ. ಈಗಲಾದರೂ ಅದು ನಮಗೆ ಮುಟ್ಟಲಿ.

ಇನ್ನು ದಿನ ಗೊತ್ತುಮಾಡುವವರ ವಿಷಯ. ಇಲ್ಲಿ ನಾನು ಮೃದುವಾಗಿ ಮಾತಾಡಲಾರೆ. ವಿಲಿಯಂ ಮಿಲ್ಲರರ ಲೆಕ್ಕವನ್ನು ನಂಬಿದ ಅಮೆರಿಕದ ಜನ 1844ರ ಅಕ್ಟೋಬರ್ 22ಕ್ಕಾಗಿ ಹೊಲದ ಬೆಳೆಯನ್ನೇ ಕೊಯ್ಯದೆ ಕಾದರು. ಎಡ್ಗರ್ ವಿಸೆನಂಟ್ 88 ಕಾರಣಗಳನ್ನು ಪಟ್ಟಿಮಾಡಿ 1988ರ ಸೆಪ್ಟೆಂಬರ್ ಎಂದರು, ಅದು ಕಳೆದ ಮೇಲೆ 1989 ಎಂದರು. ದಕ್ಷಿಣ ಕೊರಿಯಾದಲ್ಲಿ ಲೀ ಜಾಂಗ್-ರಿಮ್ 1992ರ ಅಕ್ಟೋಬರ್ 28 ಎಂದ. ಅವನನ್ನು ನಂಬಿ ಸಾವಿರಾರು ಜನ ಕೆಲಸ ಬಿಟ್ಟರು, ಮನೆ ಮಾರಿದರು, ಸಂಸಾರ ತೊರೆದರು. ಜನರ ಹಣ ಪಡೆದಿದ್ದ ಅವನ ಬಳಿ, ಆ ದಿನ ಕಳೆದ ಮೇಲೆ ಹಣ ಕೈಸೇರುವ ಬಾಂಡುಗಳಿದ್ದವು. ವಂಚನೆಗಾಗಿ ಅವನಿಗೆ ಜೈಲಾಯಿತು. ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದು ದೇಶದೇಶಗಳ ರಸ್ತೆಬದಿಯಲ್ಲಿ ಫಲಕ ಹಾಕಿಸಿದರು, ಆಮೇಲೆ ಅಕ್ಟೋಬರ್ 21 ಎಂದರು. ಮರುವರ್ಷ, ದಿನ ಹೇಳಲು ಹೊರಟದ್ದೇ ಪಾಪವೆಂದು ಒಪ್ಪಿಕೊಂಡರು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಬೋಧಕರೊಬ್ಬರು 23 ಮತ್ತು 24ನೆಯ ತಾರೀಖು ಹೇಳಿದ ವಿಡಿಯೋ ಲೋಕವನ್ನೆಲ್ಲ ಸುತ್ತಿತು. ತಾರೀಖುಗಳು ಬಂದವು, ಹೋದವು.

ದಿನ ಹೇಳಿದವರಲ್ಲಿ ಕೆಲವರು ಹೊಸ ದಿನ ಹುಡುಕಿಕೊಂಡರು. ನಂಬಿದ ಬಡವರು ಮಾರಿದ ಮನೆಯನ್ನು ಮರಳಿ ಪಡೆಯಲಿಲ್ಲ. ಎಷ್ಟೋ ಮಂದಿ ನಂಬಿಕೆಯನ್ನೇ ಕಳೆದುಕೊಂಡರು. ಇದು ಇಂದಿನ ಕಾಯಿಲೆಯಲ್ಲ. ಥೆಸಲೋನಿಕದಲ್ಲೇ ಪೌಲನ ಹೆಸರಿನಲ್ಲಿ ಬಂದಂತಿದ್ದ ಪತ್ರವೊಂದನ್ನು ನಂಬಿ, ಕರ್ತನ ದಿನ ಬಂದೇಬಿಟ್ಟಿತೆಂದು ಜನ ತಳಮಳಗೊಂಡರು. ಕೆಲವರು ದುಡಿಯುವುದನ್ನು ಬಿಟ್ಟು ಅಲೆದರು. ಪೌಲನು ಅವರಿಗೆ ಹೊಸ ತಾರೀಖು ಕೊಡಲಿಲ್ಲ. ಕಂಗೆಡಬೇಡಿ, ಮೋಸಹೋಗಬೇಡಿ, ದುಡಿದು ತಿನ್ನಿ ಎಂದು ಗದರಿದನು. ನಿಮ್ಮ ಮೊಬೈಲಿಗೆ ಬಂದ ದಿನಾಂಕದ ವಿಡಿಯೋವನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು, ಅದನ್ನು ನಂಬಿ ಒಬ್ಬ ಕೂಲಿಕಾರ ಮಗಳ ಶಾಲೆ ಬಿಡಿಸಿದರೆ ಆ ಮಗುವಿಗೆ ಯಾರು ಉತ್ತರ ಕೊಡುತ್ತಾರೆಂದು ಯೋಚಿಸಿ. ಕೋವಿಡ್ ಕಾಲದಲ್ಲಿ ಲಸಿಕೆಯೇ ಮೃಗದ ಗುರುತು ಎಂಬ ವಿಡಿಯೋಗಳು ಹರಿದಾಡಿದವು. ಅವುಗಳಿಗೆ ಹೆದರಿ ಲಸಿಕೆ ಬಿಟ್ಟ ವಯಸ್ಸಾದವರಿಗೆ ಏನಾದರೂ ಆಗಿದ್ದರೆ, ಅವುಗಳನ್ನು ಮುಂದಕ್ಕೆ ಕಳಿಸಿದ ಕೈಗಳು ನಿರ್ದೋಷಿಗಳೇ?

ಇನ್ನೊಂದು ಪಾಪವನ್ನೂ ಹೆಸರಿಟ್ಟು ಹೇಳಬೇಕಾಗಿದೆ. ಪಶ್ಚಿಮ ಏಷ್ಯಾದಲ್ಲಿ ಬಾಂಬು ಬಿದ್ದಾಗ ಪ್ರವಾದನೆಯ ಗಡಿಯಾರದ ಮುಳ್ಳು ಮುಂದೆ ಸರಿಯಿತೆಂದು ನಮ್ಮ ಕೆಲವು ವೇದಿಕೆಗಳಲ್ಲಿ ಹಲ್ಲೆಲೂಯ ಮೊಳಗುತ್ತದೆ. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ದಾಳಿಕೋರರು ಮನೆಗಳಿಗೆ ನುಗ್ಗಿ ಜನರನ್ನು ಕೊಂದರು. ಅದೇ ತಿಂಗಳು ಗಾಜಾದ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದಲ್ಲಿ ಆಶ್ರಯ ಪಡೆದಿದ್ದ ಕ್ರೈಸ್ತರು ವೈಮಾನಿಕ ದಾಳಿಗೆ ಸತ್ತರು. ಇವರಾರೂ ನಮ್ಮ ಕಡೇ ಕಾಲದ ಚಾರ್ಟಿನ ಗೆರೆಗಳಲ್ಲ. ತಾಯಂದಿರ ಹೊಟ್ಟೆಯಲ್ಲಿ ಹುಟ್ಟಿದವರು. ಯೆರೂಸಲೇಮನ್ನು ಕಂಡು ಯೇಸು ಅತ್ತನು. ನಾಶವನ್ನು ಮುನ್ನುಡಿದವನೇ ಅತ್ತ ಮೇಲೆ, ಆ ನಾಶದ ಸುದ್ದಿಗೆ ಚಪ್ಪಾಳೆ ತಟ್ಟುವ ನಾವು ಯಾರ ಶಿಷ್ಯರು?

ಸಂಕಟವೆಂದರೆ ಏನೆಂದು ನಮ್ಮ ದೇಶದವರಿಗೆ ಯಾವ ಚಾರ್ಟೂ ಕಲಿಸಬೇಕಾಗಿಲ್ಲ. 2008ರಲ್ಲಿ ಒಡಿಶಾದ ಕಂಧಮಾಲಿನಲ್ಲಿ ಸಾವಿರಾರು ಮನೆಗಳು ಸುಟ್ಟುಹೋದವು. ಕಾಡಿಗೆ ಓಡಿ, ಆಮೇಲೆ ಪರಿಹಾರ ಶಿಬಿರದ ಗುಡಾರಗಳನ್ನು ಸೇರಿದವರಲ್ಲಿ ಕೆಥೋಲಿಕರು, ಬ್ಯಾಪ್ಟಿಸ್ಟರು, ಪೆಂಟೆಕೋಸ್ತರು ಎಲ್ಲರೂ ಇದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೂ ನಮ್ಮ ರಾಜ್ಯದ ಬೇರೆ ಕಡೆಗಳಲ್ಲೂ ದಾಳಿಗಳಾದವು. ಬೆಂಕಿ ಇಟ್ಟವರು ಬರೋಣದ ಕಾಲದ ಬಗ್ಗೆ ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ನಮ್ಮನ್ನು ದ್ವೇಷಿಸುವವರಿಗೆ ನಾವೆಲ್ಲ ಒಂದೇ ಎಂದು ಕಾಣುತ್ತದೆ. ನಮ್ಮನ್ನು ಪ್ರೀತಿಸಿ ಪ್ರಾಣ ಕೊಟ್ಟವನಿಗೂ ಹಾಗೆಯೇ ಕಾಣುತ್ತದೆ. ನಮಗೆ ಮಾತ್ರ ಕಾಣುತ್ತಿಲ್ಲ.

ಹಾಗಾದರೆ ಭೇದವಿದ್ದಾಗ ಏನು ಮಾಡಬೇಕು? ದಾರಿ ತೋರಿಸಿದವರಿದ್ದಾರೆ. ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅರ್ಸಿನೋಯೆ ಪ್ರಾಂತ್ಯದಲ್ಲಿ ನೆಪೋಸ್ ಎಂಬ ಬಿಷಪರು ಸಾವಿರ ವರ್ಷದ ಆಳ್ವಿಕೆ ಅಕ್ಷರಶಃ ಭೂಮಿಯ ಮೇಲೆ ನಡೆಯುವುದೆಂದು ಪುಸ್ತಕ ಬರೆದಿದ್ದರು. ಅವರು ತೀರಿಕೊಂಡ ಮೇಲೆ ಆ ಪುಸ್ತಕದ ದೆಸೆಯಿಂದ ಊರೂರಿನ ಸಭೆಗಳೇ ಒಡೆದವು. ಅಲೆಕ್ಸಾಂಡ್ರಿಯದ ಬಿಷಪರಾದ ದಿಯೊನಿಸಿಯಸ್ ಆ ಬೋಧನೆಯನ್ನು ಒಪ್ಪಿದವರಲ್ಲ. ಅಧಿಕಾರ ಅವರ ಕೈಯಲ್ಲಿತ್ತು. ಬಹಿಷ್ಕಾರದ ಪತ್ರ ಬರೆದು ಮುಗಿಸಬಹುದಿತ್ತು. ಅವರು ಹಾಗೆ ಮಾಡದೆ ಅರ್ಸಿನೋಯೆಗೆ ತಾವೇ ಹೋದರು. ಹಳ್ಳಿಗಳ ಹಿರಿಯರನ್ನೂ ಬೋಧಕರನ್ನೂ ಕರೆದು, ಬರಲು ಇಷ್ಟವಿದ್ದ ವಿಶ್ವಾಸಿಗಳನ್ನೂ ಕೂಡಿಸಿಕೊಂಡು, ಬೆಳಗಿನಿಂದ ಸಂಜೆಯ ತನಕ 3 ದಿನ ಆ ಪುಸ್ತಕವನ್ನು ಎದುರಿಗಿಟ್ಟುಕೊಂಡು ಮಾತಾಡಿದರು. ನೆಪೋಸರ ನಂಬಿಕೆಯನ್ನೂ ಶ್ರಮವನ್ನೂ, ಅವರು ರಚಿಸಿದ ಕೀರ್ತನೆಗಳನ್ನೂ ತಾನು ಪ್ರೀತಿಸುತ್ತೇನೆಂದು ದಿಯೊನಿಸಿಯಸ್ ಬರೆದಿದ್ದಾರೆ. ಪ್ರಶ್ನೆಗಳು ಕ್ರಮವಾಗಿ ಬಂದವು, ಒಪ್ಪುವಂಥದ್ದನ್ನು ಎರಡೂ ಕಡೆಯವರು ಒಪ್ಪಿದರು, ಮನಸ್ಸಿಗೆ ಸರಿ ಕಂಡಾಗ ಅಭಿಪ್ರಾಯ ಬದಲಿಸಲು ಯಾರೂ ನಾಚಲಿಲ್ಲ ಎಂದೂ ಹೊಗಳಿದ್ದಾರೆ. ಕೊನೆಗೆ ಆ ಪಕ್ಷದ ಮುಖಂಡ ಕೊರಾಕಿಯೋನ್ ಎಲ್ಲರ ಮುಂದೆ ಮನಸ್ಸು ಬದಲಿಸಿದ್ದಾಗಿ ಹೇಳಿದನು, ಸಭೆಗಳು ಸಮಾಧಾನವಾದವು. ಇತಿಹಾಸಕಾರ ಯೂಸೇಬಿಯಸ್ ಇದನ್ನು ದಾಖಲಿಸಿದ್ದಾನೆ.

ಅಲ್ಲಿ ಯಾವ ಪಕ್ಷ ಗೆದ್ದಿತೆಂಬುದು ನನ್ನ ಮಾತಲ್ಲ. ಆ ವಿಷಯದಲ್ಲಿ ನೆಪೋಸರೇ ಸರಿಯೆನ್ನುವವರು ಇವತ್ತಿಗೂ ಲಕ್ಷಾಂತರ ಇದ್ದಾರೆ. ನೋಡಬೇಕಾದದ್ದು ಆ 3 ದಿನಗಳನ್ನು. ನಮ್ಮ ಜಿಲ್ಲೆಗಳಲ್ಲಿ ಪೆಂಟೆಕೋಸ್ತ್ ಪಾಸ್ಟರು, ಸಿ.ಎಸ್.ಐ. ಅಯ್ಯನವರು, ಬ್ರದರನ್ ಹಿರಿಯರು, ಕೆಥೋಲಿಕ ಫಾದರು ಬೈಬಲ್ ತೆರೆದುಕೊಂಡು ಒಂದು ಇಡೀ ದಿನ, ಮೈಕು ಇಲ್ಲದೆ, ಕ್ಯಾಮೆರಾ ಇಲ್ಲದೆ ಕುಳಿತು ಒಬ್ಬರ ಮಾತನ್ನೊಬ್ಬರು ಕೇಳಿದ್ದು ಎಷ್ಟು ಕಡೆ ಉಂಟು?

ಕಾಯುವುದು ಹೇಗೆಂದು ಕನ್ನಡದ ನೆಲದಲ್ಲೇ ಕಲಿಯಬಹುದು. ಜರ್ಮನಿಯ ವುರ್ಟೆಂಬರ್ಗಿನ ದೊಡ್ಡ ಬೈಬಲ್ ಪಂಡಿತ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ ಪ್ರಕಟನೆಯ ಅಂಕೆಗಳನ್ನು ಕೂಡಿಸಿ ಕಳೆದು, 1836ರಲ್ಲಿ ಮೃಗದ ಪತನವಾಗಿ ಸಾವಿರ ವರ್ಷ ತೊಡಗುವುದೆಂದು ಎಣಿಸಿದ್ದರು. ಅವರು ತೀರಿಕೊಂಡ ಮೇಲೂ ಆ ಸೀಮೆಯ ಭಕ್ತರಲ್ಲಿ ಆ ನಿರೀಕ್ಷೆ ಬೇರೂರಿತ್ತು. 1817ರ ಸುಮಾರಿಗೆ ಸಾವಿರಾರು ಮಂದಿ ಕಡೇ ಕಾಲದ ಆಶ್ರಯ ಹುಡುಕಿ ಕಾಕಸಸ್ ಕಡೆಗೆ ವಲಸೆ ಹೊರಟರು, ಎಷ್ಟೋ ಜನ ದಾರಿಯಲ್ಲೇ ರೋಗಕ್ಕೆ ಸತ್ತರು. ಅದೇ ಭಕ್ತಿಯ ಸೀಮೆಯಿಂದಲೇ ಬಾಸೆಲ್ ಮಿಷನ್ನಿಗೆ ಹೆಚ್ಚಿನ ಸೇವಕರು ಬಂದರು. 1834ರ ಅಕ್ಟೋಬರ್ 30ರಂದು ಆ ಮಿಷನ್ನಿನ ಸೇವಕ ಹೆಬಿಕ್ ಮತ್ತು ಇಬ್ಬರು ಸಂಗಡಿಗರು ಮಂಗಳೂರಿಗೆ ಬಂದರು. ಬೆಂಗೆಲ್ ಹೇಳಿದ ಅದೇ 1836ರಲ್ಲಿ ಹೆರ್ಮನ್ ಮೊಗ್ಲಿಂಗ್ ಬಂದರು. ಆ ವರ್ಷ ಕಳೆಯಿತು, ಕರ್ತನು ಬರಲಿಲ್ಲ. ಅವರು ಶಾಲೆ ತೆರೆದರು, 1841ರಲ್ಲಿ ಮುದ್ರಣಾಲಯ ಹಾಕಿದರು. 1843ರಲ್ಲಿ ಮೊಗ್ಲಿಂಗ್ ಮಂಗಳೂರ ಸಮಾಚಾರ ಹೊರಡಿಸಿದರು. ಕನ್ನಡಕ್ಕೆ ಮೊದಲ ಪತ್ರಿಕೆ ಸಿಕ್ಕಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ನಿಂತಿತು. ಜಾತಿಯಿಂದಲೂ ಮನೆಯಿಂದಲೂ ಹೊರಬಿದ್ದ ವಿಶ್ವಾಸಿಗಳಿಗೆ ಅನ್ನದ ದಾರಿಯಾಯಿತು. ಲೆಕ್ಕ ತಪ್ಪಿತೆಂದು ಕೆಲಸ ನಿಲ್ಲಲಿಲ್ಲ. ಯಜಮಾನ ಬಂದಿದ್ದರೆ ಆ ಆಳುಗಳು ಬಡಿಸುತ್ತಿರುವುದನ್ನೇ ಕಾಣುತ್ತಿದ್ದನು.

ಆದ್ದರಿಂದ, ಸಭಾಪಾಲಕರೇ, ನಿಮ್ಮಲ್ಲಿ ನನ್ನ ಬೇಡಿಕೆ ಇದು. ನಿಮಗೆ ಸತ್ಯವೆಂದು ಕಂಡದ್ದನ್ನು ಅಳುಕದೆ ಬೋಧಿಸಿ. ಅದೇ ಪ್ರಸಂಗದಲ್ಲಿ, ದೇವರನ್ನು ಪ್ರೀತಿಸುವ ಬೇರೆಯವರು ಇದನ್ನು ಬೇರೆಯಾಗಿ ಓದುತ್ತಾರೆಂದೂ ಹೇಳಿ, ಅವರ ಆಧಾರಗಳನ್ನೂ ಓದಿಸಿ. ದಿನಾಂಕ ಹೇಳುವವನಿಗೆ ನಿಮ್ಮ ವೇದಿಕೆ ಕೊಡಬೇಡಿ, ಅವನು ಎಷ್ಟು ಜನ ಸೇರಿಸಿದರೂ ಸರಿ. ಸಂಕಟಕ್ಕೆ ಮುಂಚೆ ಎಂದು ಸಾರುವವರೇ, ನಿಮ್ಮ ಜನ ಕಷ್ಟವೇ ಬಾರದೆಂದು ನಂಬಿ ಮೊದಲ ಏಟಿಗೆ ಕುಸಿಯದಂತೆ ಅವರನ್ನು ಹಿಂಸೆಗೂ ಸಿದ್ಧಮಾಡಿ. ಸಂಕಟದ ಬಳಿಕ ಎನ್ನುವವರೇ, ಕ್ರಿಸ್ತವಿರೋಧಿಯ ಗುರುತುಗಳನ್ನು ಹುಡುಕುವ ಭರದಲ್ಲಿ ಕ್ರಿಸ್ತನನ್ನೇ ಕಾಯುವುದನ್ನು ಮರೆಯಬೇಡಿ. ಒಂದೇ ಬರೋಣ ಎನ್ನುವವರೇ, ವಿಶ್ವಾಸ ಪ್ರಮಾಣದಲ್ಲಿ ವಾರವಾರ ಹೇಳುವ ಆ ಮಾತನ್ನು ಬಾಯಿಪಾಠವಾಗಿ ಬಿಡದೆ, ಅವನು ಬರುತ್ತಾನೆ ಎಂದು ಪೀಠದಿಂದ ಎದೆ ತುಂಬಿ ಸಾರಿ. ನಿಮ್ಮ ಮೌನದಿಂದಲೇ ಎಷ್ಟೋ ಯುವಕರು ದಿನಾಂಕದ ವಿಡಿಯೋಗಳ ಕಡೆಗೆ ಓಡುತ್ತಿದ್ದಾರೆ.

ಸಭೆಯ ಹಿರಿಯರೇ, ಕರ್ತನ ಮೇಜನ್ನೂ ಸದಸ್ಯತ್ವವನ್ನೂ ಸಮಾಧಿಯ ನೆಲವನ್ನೂ ಈ ಪ್ರಶ್ನೆಯ ಉತ್ತರಕ್ಕೆ ಕಟ್ಟಬೇಡಿ. ಮೇಜು ಕರ್ತನದು. ಅವನು ಕರೆದವರನ್ನು ತಡೆಯಲು ನೀವು ಯಾರು?

ಭಾನುವಾರದ ಶಾಲೆಯ ಅಕ್ಕಂದಿರೇ, ತಂದೆತಾಯಿಗಳೇ, ಬಿಟ್ಟುಹೋಗುವ ಭಯದಿಂದ ಮಕ್ಕಳನ್ನು ದೇವರ ಹತ್ತಿರ ಓಡಿಸಬೇಡಿ. ಮಕ್ಕಳನ್ನು ಅಪ್ಪಿ ಆಶೀರ್ವದಿಸಿದವನೇ ಬರುತ್ತಿದ್ದಾನೆಂದು ಹೇಳಿಕೊಡಿ. ಭಯದಿಂದ ಬಂದ ಮಗು ಭಯ ಹೋದ ದಿನ ಹೊರಟುಹೋಗುತ್ತದೆ. ಪ್ರೀತಿಯಿಂದ ಬಂದ ಮಗು ಉಳಿಯುತ್ತದೆ.

ಯುವಕರೇ, ಬೈಬಲಿನ ಜ್ಞಾನಕ್ಕೆ ಹಸಿದಿದ್ದೀರಿ, ಒಳ್ಳೆಯದು. ಆ ಹಸಿವನ್ನು ಒಂದೇ ಚಾನೆಲ್ಲಿನಿಂದ ತಣಿಸಿಕೊಳ್ಳಬೇಡಿ. ಥೆಸಲೋನಿಕದ ಎರಡೂ ಪತ್ರಗಳನ್ನು, ಮತ್ತಾಯನ 24 ಮತ್ತು 25ನ್ನು ಒಂದೇ ಪಟ್ಟಿಗೆ ಕುಳಿತು ಓದಿ. 25ನೆಯ ಅಧ್ಯಾಯದ ಕೊನೆಯಲ್ಲಿ ಮನುಷ್ಯಕುಮಾರನು ಸಿಂಹಾಸನದಲ್ಲಿ ಕುಳಿತು ಏನನ್ನು ಲೆಕ್ಕಕ್ಕೆ ಹಿಡಿಯುತ್ತಾನೆಂದು ನೋಡಿ. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಮನೆ, ಬೆತ್ತಲೆಯವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ. ಆ ಪಟ್ಟಿಯಲ್ಲಿ ಚಾರ್ಟು ಇಲ್ಲ.

ಇನ್ನು ನಮ್ಮೆಲ್ಲರಿಗೂ. ಈ ಪ್ರಶ್ನೆಯ ಮೇಲೆ ನಿಮ್ಮಿಂದ ದೂರವಾದ ಒಬ್ಬ ಸಹೋದರನೋ ಸಹೋದರಿಯೋ ನಿಮ್ಮ ಊರಿನಲ್ಲಿ ಇದ್ದೇ ಇರುತ್ತಾರೆ. ಮುಂದಿನ ಕರ್ತನ ಭೋಜನಕ್ಕೆ ಮುಂಚೆ ಅವರ ಮನೆಗೆ ಹೋಗಿ. ವಾದ ಗೆಲ್ಲಲು ಹೋಗಬೇಡಿ, ಬೈದದ್ದಕ್ಕೆ ಕ್ಷಮೆ ಕೇಳಲು ಹೋಗಿ. ನೀವು ಸರಿಯೆಂದೇ ಇಟ್ಟುಕೊಳ್ಳಿ, ಆದರೂ ಹೋಗಿ. ಕರ್ತನು ಈ ರಾತ್ರಿ ಬರಲಿ, ನೂರು ವರ್ಷದ ಮೇಲೆ ಬರಲಿ, ಸಂಕಟದ ಮುಂಚೆ ಬರಲಿ, ಆಮೇಲೆ ಬರಲಿ, ಅವನು ನಮ್ಮಿಬ್ಬರನ್ನೂ ಒಟ್ಟಿಗೇ ಕರೆಯುತ್ತಾನೆ. ಒಟ್ಟಿಗೆ ಎತ್ತಲ್ಪಡುವವರು ಒಟ್ಟಿಗೆ ಪ್ರಾರ್ಥಿಸಲು ಇವತ್ತೇ ಕಲಿಯಬೇಕು. ಎದ್ದು ಹೋಗಿ, ಬಾಗಿಲು ತಟ್ಟಿ, ಸ್ತೋತ್ರ ಹೇಳಿ.